ಸ್ಪೆಷಲಿಸ್ಟ್ ಸಿಗ್ತಿಲ್ಲ ಅಂತ ಗೊಣಗೋ ಮೊದಲು

"ಇದನ್ನೆಲ್ಲ ರಿಪೇರಿ ಮಾಡೋರು ಇಂಡಿಯಾದಲ್ಲಿ ಯಾರೂ ಇಲ್ಲ ಗುರೂ. ಸುಮ್ನೆ ಗೋಡೆಗೆ ನೇತುಹಾಕು. ವಿಡಿಯೋ ಕಾಲ್‌ನಲ್ಲಿ ಹಿಂದೆ ಚೆನ್ನಾಗಿ ಕಾಣುತ್ತೆ."

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯ ಹೀಗಂದಾಗ ನಾನೂ ನಕ್ಕಿದ್ದೆ. ಆಮೇಲೆ ಒಂದು ಹಳೇ ಗಿಟಾರ್ ಹೆಗಲಿಗೇರಿಸಿಕೊಂಡು ಆರು ವಾರ ಬೆಂಗಳೂರು ಸುತ್ತಿದೆ. ಈಗ ಆ ಮಾತು ಕೇಳಿದರೆ ನಗು ಬರಲ್ಲ, ಸಿಟ್ಟು ಬರುತ್ತೆ. ಗೆಳೆಯನ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ.

ಗಿಟಾರಿನ ಕತೆ ಮೊದಲು ಹೇಳಿಬಿಡ್ತೀನಿ. ನಮ್ಮೂರು ಸಕಲೇಶಪುರದ ಹತ್ತಿರ. ಅಪ್ಪ ಬಡಗಿ, ಊರವರ ಬಾಯಲ್ಲಿ ಆಚಾರಿ. ಪಕ್ಕದ ಕಾಫಿ ಎಸ್ಟೇಟಿನ ಬಾಗಿಲು, ಕಿಟಕಿ, ಮಂಚ, ಎಲ್ಲ ಅವರದೇ ಕೆಲಸ. 1978ರಲ್ಲಿ ಅಲ್ಲಿನ ಮ್ಯಾನೇಜರ್ ಊರು ಬಿಡುವಾಗ ಬಾಕಿ ಕೂಲಿಯಲ್ಲಿ ಅರ್ಧ ದುಡ್ಡು ಕೊಟ್ಟು, ಉಳಿದರ್ಧಕ್ಕೆ ಈ ಗಿಟಾರ್ ಕೊಟ್ಟು ಹೋದರಂತೆ. ಕೂಲಿಗೆ ಬದಲು ಗಿಟಾರ್! ನಮ್ಮಜ್ಜಿ ಸಾಯೋವರೆಗೂ ಅದನ್ನ ಹೇಳಿ ಅಪ್ಪನನ್ನ ಬೈತಿದ್ದಳು.

ಅದು ಆಗಲೇ ಹಳೇದು. ಒಳಗೆ ಅಂಟಿಸಿದ್ದ ಚೀಟಿಯಲ್ಲಿ 'ಜರ್ಮನಿ' ಅನ್ನೋದೊಂದು ಬಿಟ್ಟು ಉಳಿದದ್ದೆಲ್ಲ ಗೆದ್ದಲಿನ ಪಾಲು. ತಂತಿ ಕಟ್ಟುವ ಬ್ರಿಡ್ಜ್ ಕಿತ್ತು ಬಂದಾಗ ಅಪ್ಪ ಒಂದು ಮಂಚ ಮಾಡಿ ಉಳಿದಿದ್ದ ಬೀಟೆ ತುಂಡಿನಲ್ಲಿ ಹೊಸದು ಕೆತ್ತಿ ಕೂರಿಸಿದರು. ಬೆನ್ನಿನ ಹಲಗೆ ಬಿಟ್ಟುಕೊಂಡಾಗ ಪೇಟೆಯ ಬಿಳಿ ಅಂಟು ಹಾಕಿ, ಯಾತಕ್ಕೂ ಇರಲಿ ಅಂತ ಎರಡು ಸ್ಕ್ರೂ ಹೊಡೆದರು. ನುಡಿಸೋಕೆ ಅವರಿಗೆ ಬರ್ತಿರಲಿಲ್ಲ. ಗಿಟಾರ್ ಅಟ್ಟ ಸೇರಿತು. ಹೋದ ವರ್ಷ ಮನೆಯ ಹೆಂಚು ತೆಗೆಸುವಾಗ ಕೆಳಗಿಳಿಸಿ ನಾನು ಬೆಂಗಳೂರಿಗೆ ತಂದೆ.

ಅದರ ರೋಗ ಏನು ಅಂತ ಸ್ವಲ್ಪ ಹೇಳಬೇಕು. ಉಕ್ಕಿನ ಆರು ತಂತಿ ಬಿಗಿದರೆ ಹೆಚ್ಚುಕಮ್ಮಿ 70-80 ಕೆಜಿ ಎಳೆತ. ಅದನ್ನು ತಡೆದುಕೊಳ್ಳುವ ಮುಂದಿನ ಹಲಗೆಯ ದಪ್ಪ 3 ಮಿ.ಮೀ. ಆಸುಪಾಸು. ಹಗಲೂ ರಾತ್ರಿ, ದಶಕಗಟ್ಟಲೆ ಈ ಹಗ್ಗಜಗ್ಗಾಟ ನಡೆದರೆ ಕತ್ತು ನಿಧಾನವಾಗಿ ಮುಂದಕ್ಕೆ ವಾಲುತ್ತೆ. ಹನ್ನೆರಡನೇ ಫ್ರೆಟ್ ಹತ್ತಿರ 2-3 ಮಿ.ಮೀ. ಎತ್ತರದಲ್ಲಿರಬೇಕಾದ ತಂತಿ ನನ್ನ ಗಿಟಾರಿನಲ್ಲಿ 7 ಮಿ.ಮೀ. ಮೇಲಿತ್ತು. ಒತ್ತಿದರೆ ಬೆರಳು ಕೊಯ್ಯುತ್ತೆ. ಇದಕ್ಕೆ ಮದ್ದು ಒಂದೇ: ಕತ್ತು ಕೂತಿರುವ ಜಾಗಕ್ಕೆ ಹಬೆ ಹಾಯಿಸಿ, ಹಳೇ ಅಂಟು ಮೆತ್ತಗಾದ ಮೇಲೆ ಕತ್ತನ್ನೇ ಬಿಡಿಸಿ, ಬುಡವನ್ನು ಕೂದಲೆಳೆಯಷ್ಟು ಕೆತ್ತಿ, ಸರಿಯಾದ ಕೋನದಲ್ಲಿ ಮತ್ತೆ ಕೂರಿಸೋದು.

ಮೊದಲ ಅಂಗಡಿಯವರು ಗಿಟಾರನ್ನು ಕೈಗೂ ತಗೊಳ್ಳಲಿಲ್ಲ. "ಎಕ್ಸ್‌ಚೇಂಜ್ ಆಫರ್ ಇದೆ ಸಾರ್, ಹೊಸದು ತಗೊಳ್ಳಿ." ಎರಡನೇ ಕಡೆ ಒಬ್ಬ ಹುಡುಗ "ಐದೇ ನಿಮಿಷ" ಅಂತ ಬ್ರಿಡ್ಜಿನ ಮೇಲಿನ ಮೂಳೆಪಟ್ಟಿಯನ್ನ ಅರದಲ್ಲಿ ಉಜ್ಜೋಕೆ ಶುರು ಮಾಡಿದ. ತಂತಿಯೇನೋ ಕೆಳಗಿಳಿಯುತ್ತೆ, ಆದರೆ ಅದು ಕತ್ತು ನೋವಿಗೆ ಹಿಮ್ಮಡಿ ಕೊಯ್ದ ಹಾಗೆ. ಅರ್ಧ ಉಜ್ಜಿದ ಮೇಲೆ ಕೈ ಹಿಡಿದು ನಿಲ್ಲಿಸಿದೆ. ಮೂರನೆಯವರು ನಮ್ಮ ಅಪಾರ್ಟ್‌ಮೆಂಟಿನ ಇಂಟೀರಿಯರ್ ಕೆಲಸದವರು. "ಪಾಲಿಶ್ ಕೆರೆದು ಹೊಸದು ಹೊಡ್ಕೊಡ್ತೀನಿ, ಫಳಫಳ ಅನ್ನುತ್ತೆ" ಅಂದರು. ಹಳೇ ವಾದ್ಯದ ಮೇಲ್ಮೈ ಕೆರೆದರೆ ಅದರ ವಯಸ್ಸೂ ಹೋಯ್ತು, ಬೆಲೆಯೂ ಹೋಯ್ತು. ಹಲಗೆ ತೆಳ್ಳಗಾದರೆ ನಾದವೂ ಬದಲಾಯ್ತು.

ಕೊನೆಗೆ ಪಿಟೀಲು ಮೇಷ್ಟ್ರೊಬ್ಬರು ಒಂದು ವಿಳಾಸ ಕೊಟ್ಟರು. ಹಳೇ ಬಡಾವಣೆ, ಮೂರನೇ ಮಹಡಿ, ಬೋರ್ಡ್ ಇಲ್ಲ. ಐವತ್ತು ದಾಟಿದ ಮನುಷ್ಯ ಗಿಟಾರ್ ಕೈಗೆ ತಗೊಂಡ ತಕ್ಷಣ ಮಾಡಿದ್ದು ತಂತಿ ಸಡಿಲಿಸಿದ್ದು. ಆಮೇಲೆ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದರು. ದಂತವೈದ್ಯರ ಪುಟ್ಟ ಕನ್ನಡಿ, ಸಣ್ಣ ಬಲ್ಬು ಒಳಗೆ ಬಿಟ್ಟು ನೋಡಿದರು. ಕಾಲು ಗಂಟೆ ಆದರೂ ದುಡ್ಡಿನ ಮಾತಿಲ್ಲ.

"ಎಲ್ಲಿತ್ತು ಇದು? ಮಳೆಗಾಲದಲ್ಲಿ ಎಲ್ಲಿಡ್ತಿದ್ರಿ?"

"ಅಟ್ಟದ ಮೇಲೆ ಸಾರ್. ಕೆಳಗೆ ಅಡುಗೆ ಒಲೆ."

"ಒಲೆ ಇದ್ದಿದ್ದಕ್ಕೆ ಉಳಿದಿದೆ. ಇಲ್ಲ ಅಂದ್ರೆ ಮಲೆನಾಡಿನ ಶೀತಕ್ಕೆ ಪೂರ್ತಿ ಬಿಟ್ಕೊಂಡಿರೋದು." ಆಮೇಲೆ ದನಿ ಬದಲಾಯ್ತು. "ಈ ಬಿಳಿ ಅಂಟು, ಸ್ಕ್ರೂ ಯಾರು ಹಾಕಿದ್ದು?"

"ನಮ್ಮಪ್ಪ."

ಅವರು ಬೈಯಲಿಲ್ಲ, ವಿವರಿಸಿದರು. ಹಳೇ ವಾದ್ಯಗಳಿಗೆ ಹಾಕುತ್ತಿದ್ದುದು ಪ್ರಾಣಿಯ ಚರ್ಮ ಬೇಯಿಸಿ ಮಾಡಿದ ಅಂಟು. ಗಟ್ಟಿ ಹಿಡಿಯುತ್ತೆ, ಆದರೆ ಶಾಖ, ತೇವ ಕೊಟ್ಟರೆ ಬಿಟ್ಟುಕೊಡುತ್ತೆ. ಇವತ್ತಲ್ಲ ನಾಳೆ ಯಾರೋ ಒಬ್ಬರು ಇದನ್ನ ಬಿಚ್ಚಬೇಕಾಗುತ್ತೆ ಅಂತ ಗೊತ್ತಿದ್ದೇ ಮಾಡುತ್ತಿದ್ದ ಕೆಲಸ ಅದು. ಬಿಳಿ ಅಂಟು ಬಿಡಿಸೋದು ರಗಳೆ, ಮತ್ತೆ ಅದರ ಪಳೆಯುಳಿಕೆ ಮೇಲೆ ಬೇರೆ ಅಂಟು ಕೂರಲ್ಲ.

"ಬ್ರಿಡ್ಜೂ ಅವರದೇನಾ?"

"ಹೌದು ಸಾರ್. ಬೀಟೆ."

ಹೆಬ್ಬೆರಳಲ್ಲಿ ಸವರಿ ನೋಡಿದರು. "ಇದನ್ನ ಬದಲಾಯಿಸಲ್ಲ. ಎಳೆ ನೋಡಿ ಕೊಯ್ದಿದ್ದಾರೆ. ತಳದ ಅಂಟು ತೆಗೆದು ಸರಿಯಾಗಿ ಕೂರಿಸ್ತೀನಿ, ಅಷ್ಟೆ."

ಸ್ಪೆಷಲಿಸ್ಟನ್ನು ಗುರುತು ಹಿಡಿಯೋದು ಹೇಗೆ ಅಂತ ಯಾರಾದರೂ ಕೇಳಿದರೆ ಈಗ ನನ್ನ ಹತ್ತಿರ ಉತ್ತರ ಇದೆ. ಅವರು ಮೊದಲು ನೋಡ್ತಾರೆ, ಆಮೇಲೆ ಮುಟ್ತಾರೆ. ವಾದ್ಯದ ಇತಿಹಾಸ ಕೇಳ್ತಾರೆ. ಏನು ಮಾಡ್ತೀನಿ ಅನ್ನೋದಕ್ಕಿಂತ ಏನು ಮಾಡಲ್ಲ ಅನ್ನೋದನ್ನ ಸ್ಪಷ್ಟವಾಗಿ ಹೇಳ್ತಾರೆ. ಮುಂದೆ ಬರುವ ರಿಪೇರಿಯವನಿಗೆ ದಾರಿ ಬಿಟ್ಟು ಕೆಲಸ ಮಾಡ್ತಾರೆ. 'ಹೊಸದರ ಹಾಗೆ ಮಾಡ್ಕೊಡ್ತೀನಿ' ಅನ್ನುವವರಿಂದ ಓಡಿಹೋಗಿ.

ಆಮೇಲೆ ಬೆಲೆ ಹೇಳಿದರು. 18,000 ರೂಪಾಯಿ, ಏಳು ತಿಂಗಳು ಕಾಯಬೇಕು.

ಇಲ್ಲಿ ನಾನು ಮಾಡಿದ್ದನ್ನ ಬರೆಯೋಕೆ ನಾಚಿಕೆ ಆಗುತ್ತೆ. "ಸಾರ್, ಏನಾದ್ರೂ ಕಮ್ಮಿ? ಇಷ್ಟಕ್ಕೆ ಹೊಸದೇ ಬರುತ್ತಲ್ಲ" ಅಂದೆ. ಅವರು ವಾದ ಮಾಡಲಿಲ್ಲ. ಬಟ್ಟೆಯಲ್ಲಿ ಕೈ ಒರೆಸಿಕೊಂಡು "ಹಾಗಾದ್ರೆ ಹೊಸದೇ ತಗೊಳ್ಳಿ" ಅಂತ ಗಿಟಾರ್ ವಾಪಸ್ ಕೊಟ್ಟರು.

ಹಿಂದಿನ ಶನಿವಾರ ನಾವು ನಾಲ್ಕು ಜನ ಬ್ರೂವರಿಯಲ್ಲಿ ಕೂತು 9,000 ಬಿಲ್ ಕಟ್ಟಿದ್ವಿ. ಸರ್ವಿಸ್ ಚಾರ್ಜ್ ಬಗ್ಗೆಯೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಅದು ಬಿಡಿ, ನಮ್ಮ ಕೆಲಸದ್ದೇ ಲೆಕ್ಕ ತಗೊಳ್ಳಿ. ಮೂವತ್ತು ವರ್ಷದ ಹಿಂದೆ ಯಾರೋ ಬರೆದ ಕೋಡ್ ಬಿಚ್ಚಿ, ಏನೂ ಮುರಿಯದೆ, ಒಳಗಿನ ಒಂದು ದೋಷ ಸರಿ ಮಾಡಿ ಮತ್ತೆ ಮುಚ್ಚಬಲ್ಲ ಕನ್ಸಲ್ಟೆಂಟಿಗೆ ಕಂಪನಿಗಳು ಗಂಟೆ ಲೆಕ್ಕದಲ್ಲಿ ಡಾಲರ್ ಕೊಡ್ತವೆ. 'ಇಷ್ಟಕ್ಕೆ ಹೊಸ ಸಿಸ್ಟಮ್ಮೇ ಬರುತ್ತಲ್ಲ' ಅಂತ ಯಾವ ಮ್ಯಾನೇಜರೂ ಅವನ ಮುಖಕ್ಕೆ ಹೇಳಲ್ಲ. ಅದೇ ಬುದ್ಧಿ, ಅದೇ ತಾಳ್ಮೆ. ಕೀಬೋರ್ಡ್ ಬದಲು ಉಳಿ ಹಿಡಿದರೆ ಮಾತ್ರ ಚೌಕಾಸಿ.

ಕ್ಷಮೆ ಕೇಳಿ ಅಡ್ವಾನ್ಸ್ ಕೊಟ್ಟೆ. ಕೆಲಸ ಕಲಿಯೋಕೆ ಯಾರಾದರೂ ಇದ್ದಾರಾ ಅಂತ ಕೇಳಿದೆ. "ಇಬ್ಬರು ಬಂದಿದ್ರು. ಒಬ್ಬ ಡೆಲಿವರಿ ಕೆಲಸಕ್ಕೆ ಹೋದ. ಇನ್ನೊಬ್ಬ ಗಿಟಾರ್ ಮಾರೋ ಅಂಗಡಿ ಸೇರ್ಕೊಂಡ, ಅಲ್ಲಿ ಕಮಿಷನ್ ಸಿಗುತ್ತೆ."

"ನಿಮ್ಮ ಮಗ?"

"ಬಿಇ ಮಾಡ್ತಿದ್ದಾನೆ."

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅಪ್ಪನ ಉಳಿ, ಕೊಡತಿ ತಗೊಂಡು ಮರದ ಬುಗುರಿ ಮಾಡೋಕೆ ಕೂತಿದ್ದೆ. ಅಪ್ಪ ಬಂದವರೇ ಎರಡನ್ನೂ ಕಿತ್ತುಕೊಂಡರು. "ಉಳಿ ಹಿಡಿದ್ರೆ ನನ್ ಹಾಗೇ ಆಯ್ತೀಯ ಕಣೋ. ಹೋಗಿ ಪುಸ್ತಕ ಹಿಡಿ." ಅವರ ಮಾತು ತಪ್ಪಲ್ಲ. ಅರ್ಧ ಕೂಲಿ, ಅರ್ಧ ಗಿಟಾರ್ ತಗೊಂಡು ಮನೆಗೆ ಬಂದ ಮನುಷ್ಯ ಇನ್ನೇನು ಹೇಳಿಯಾರು? ಕೆಲಸ ಬರುವ ಕೈಗೆ ಮರ್ಯಾದೆ ಇಲ್ಲ ಅಂತ ಒಂದು ಇಡೀ ತಲೆಮಾರು ಕಂಡುಕೊಂಡು, ಮಕ್ಕಳನ್ನು ಬೆಂಗಳೂರಿಗೆ ಕಳಿಸಿತು. ಆ ಮಕ್ಕಳು ಈಗ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು 'ಛೆ, ಒಳ್ಳೆ ಕೆಲಸಗಾರರೇ ಸಿಗಲ್ಲ ಮಾರಾಯ' ಅಂತೀವಿ. ಸಿಗ್ತಾರೆ ಹೇಗೆ? ಸಿಗಬೇಕಾಗಿದ್ದವರು ನಾವೇ.

'ಅಂದ್ರೆ ಎಲ್ಲರೂ ಕುಲಕಸುಬಿಗೆ ವಾಪಸ್ ಹೋಗಿ ಅಂತೀಯಾ?' ಅಂತ ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಬಡಗಿಯ ಮಗ ಬಡಗಿಯೇ ಆಗಬೇಕು ಅನ್ನುವವರ ಮುಂದೆ ನಾನು ಒಂದು ನಿಮಿಷವೂ ನಿಲ್ಲಲ್ಲ. ಕಸುಬಿಗೆ ರಕ್ತದ ಹಂಗಿಲ್ಲ ಅನ್ನೋದಕ್ಕೆ ಸಾಕ್ಷಿ ನಮ್ಮ ಗಡಿಯಲ್ಲೇ ಇದೆ. ಮೀರಜ್‌ನಲ್ಲಿ ಸಿತಾರ್, ತಂಬೂರಿ ಮಾಡುವ ಮನೆತನಗಳು ಹತ್ತೊಂಬತ್ತನೇ ಶತಮಾನಕ್ಕೆ ಮೊದಲು ಮಾಡುತ್ತಿದ್ದುದು ಆಯುಧಕ್ಕೆ ಸಾಣೆ ಹಿಡಿಯುವ ಕೆಲಸ. ಕತ್ತಿಗೆ ಬೇಡಿಕೆ ಹೋಯ್ತು, ಸಂಗೀತಕ್ಕೆ ಬೇಡಿಕೆ ಬಂತು, ಕೈ ಹೊಸದು ಕಲಿಯಿತು. ಇಟಲಿಯ ಕ್ರೆಮೋನಾ ನೋಡಿ. ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡ ಮೇಲೆ ಆ ಊರಿನ ವಯಲಿನ್ ಪರಂಪರೆ ಕ್ರಮೇಣ ಸೊರಗಿತು. ಅದು ಮತ್ತೆ ಚಿಗುರೋಕೆ ದೊಡ್ಡ ಕಾರಣ 1938ರಲ್ಲಿ ಅಲ್ಲಿ ತೆರೆದ ಒಂದು ಶಾಲೆ. ಬೇರೆ ಬೇರೆ ದೇಶದವರು ಬಂದು ಕಲಿಯುವ ಶಾಲೆ. 2012ರಲ್ಲಿ ಯುನೆಸ್ಕೊ ಆ ಊರಿನ ವಯಲಿನ್ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ಕಲಿಸುವ ಜಾಗ, ಕಲಿಯುವಾಗ ಹೊಟ್ಟೆಗೆ ಅನ್ನ, ಕಲಿತ ಮೇಲೆ ಸರಿಯಾದ ದುಡ್ಡು. ಈ ಮೂರಿದ್ದರೆ ಯಾರ ಮಗಳೂ ಕಲೀತಾಳೆ, ಯಾರ ಮಗನೂ ಕಲೀತಾನೆ.

ಇನ್ನೊಂದು ವ್ಯಂಗ್ಯ ಇದೆ. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್ಡಿಗೆ ಬಂತು. ಭಾರತದ ರೋಸ್‌ವುಡ್ ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. ನಮ್ಮ ಕಾಡಿನ ಮರ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಐವತ್ತು ವರ್ಷದಿಂದ ಹಾಡ್ತಿದೆ. ಅದರ ಕತ್ತು ಬಿಡಿಸಿ ಕೂರಿಸಬಲ್ಲವರನ್ನ ಹುಡುಕೋಕೆ ನನಗೆ ಆರು ವಾರ ಬೇಕಾಯ್ತು. ಮರವಾದರೂ ಎಷ್ಟು ದಿನ ಇರುತ್ತೆ? 2017ರಲ್ಲಿ ಬೀಟೆಯ ಇಡೀ ಕುಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯ್ತಿ ಸಿಕ್ಕರೂ ಎಚ್ಚರಿಕೆ ಹೋಗಿಲ್ಲ. ಇನ್ನು ಮುಂದೆ ಇರುವ ವಾದ್ಯ ಉಳಿಸಿಕೊಳ್ಳುವ ಕೈಗೆ ಹೊಸದು ಮಾರುವ ಬಾಯಿಗಿಂತ ಹೆಚ್ಚು ಬೆಲೆ ಬರಬೇಕು.

ಎಲ್ಲ ಗಿಟಾರಿಗೂ ಈ ಖರ್ಚು ಮಾಡಿ ಅಂತಿಲ್ಲ. ನಾಲ್ಕು ಸಾವಿರದ ಪ್ಲೈವುಡ್ ಗಿಟಾರ್ ಮುರಿದರೆ ಹೊಸದೇ ತಗೊಳ್ಳಿ, ನಾನೂ ಅದನ್ನೇ ಮಾಡ್ತೀನಿ. ಆದರೆ ಉಳಿಸಬೇಕಾದ್ದು ಅಂತ ನೀವೇ ತೀರ್ಮಾನ ಮಾಡಿದ ಮೇಲೆ ಉಳಿಸುವವರ ಹತ್ತಿರ ತರಕಾರಿ ವ್ಯಾಪಾರ ಮಾಡಬೇಡಿ.

ಇನ್ನೊಂದು ಕೆಲಸ ಇದೆ, ಅದು ನಮ್ಮಂಥವರಿಂದಲೇ ಆಗಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ದಾಟಿದ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಆ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆ, ಕರಕುಶಲ, ವೃತ್ತಿ ಕೌಶಲದ ತರಬೇತಿ ಎಲ್ಲವೂ ಇವೆ. ನಮ್ಮ ಆಫೀಸಿನ ಸಿಎಸ್‌ಆರ್ ಅಂದರೆ ಟೀ ಶರ್ಟ್ ಹಾಕಿಕೊಂಡು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳೋದು. ಮುಂದಿನ ಸಲ ಆ ಮೇಲ್ ಬಂದಾಗ ನಾನು ಉತ್ತರ ಬರೀತೀನಿ: ಇಬ್ಬರು ಹುಡುಗರಿಗೆ, ಇಲ್ಲ ಹುಡುಗಿಯರಿಗೆ, ಎರಡು ವರ್ಷ ಸ್ಟೈಪೆಂಡ್ ಕೊಡಿ. ಮೂರನೇ ಮಹಡಿಯ ಆ ಮನುಷ್ಯರ ಹತ್ತಿರ ಕಲಿಯಲಿ. ನಮ್ಮ ಒಬ್ಬ ಸೀನಿಯರ್ ಮ್ಯಾನೇಜರನ ವರ್ಷದ ಬೋನಸ್ಸಿನಲ್ಲಿ ಮುಗಿದುಹೋಗುವ ಖರ್ಚು ಅದು.

ಗಿಟಾರ್ ಹೋದ ತಿಂಗಳು ಬಂತು. ಫೋನ್ ಹತ್ತಿರ ಹಿಡಿದು ಅಪ್ಪನಿಗೆ ಒಂದೆರಡು ಕಾರ್ಡ್ ನುಡಿಸಿದೆ. ನಾನು ಇನ್ನೂ ಕಲಿಯುತ್ತಿರುವವ, ಆದರೂ ಸದ್ದು ತುಂಬಿಕೊಂಡು ಬಂತು. ಅವರು ಕೇಳಿದ್ದು ನಾದದ ಬಗ್ಗೆ ಅಲ್ಲ.

"ಬ್ರಿಡ್ಜ್ ಬದಲಾಯಿಸಿದ್ರಾ?"

"ಇಲ್ಲಪ್ಪ. ನಿಂದೇ ಇದೆ. ಚೆನ್ನಾಗಿ ಕೊಯ್ದಿದ್ದಾರೆ ಅಂದ್ರು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಷ್ಟು ತಗೊಂಡ್ರು?"

"ಹದಿನೆಂಟು ಸಾವಿರ."

"ಚೌಕಾಸಿ ಮಾಡ್ದ್ಯಾ?"

ಸುಳ್ಳು ಹೇಳಬಹುದಿತ್ತು. "ಮಾಡ್ದೆ" ಅಂದೆ.

"ಹ್ಞೂಂ. ನಮಗೂ ಮಾಡ್ತಿದ್ರು" ಅಂದರು ಅಪ್ಪ. ಆಮೇಲೆ ಮಳೆಯ ವಿಷಯ ಮಾತಾಡಿದ್ವಿ.