ಕೊನೆಯ ಮನೆಯ ನಲ್ಲಿ ನೀರನ್ನು ಪರೀಕ್ಷಿಸಿ

ಬೇಸಿಗೆ ಬಂತೆಂದರೆ ದಾವಣಗೆರೆಯ ಕಣ್ಣು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳ ಮೇಲೆ. ಭದ್ರಾ ನಾಲೆ ಹರಿಯುವಾಗಲೇ ಇವನ್ನು ತುಂಬಿಸಿಕೊಳ್ಳಬೇಕು. ನಾಲೆ ನಿಂತರೆ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರೇ ಆಸರೆ. ದಂಡೆಯ ಮೇಲೇ ಇರುವ ಹರಿಹರಕ್ಕೂ ಅದೇ ಹೊಳೆ.

ಈ ಪರದಾಟ ತಪ್ಪಿಸಲೆಂದೇ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ‘ಜಲಸಿರಿ’ ಯೋಜನೆ ಬಂತು. ದಾವಣಗೆರೆ, ಹರಿಹರದ ಜೊತೆ ರಾಣೆಬೆನ್ನೂರು, ಬ್ಯಾಡಗಿಯೂ ಇದರಲ್ಲಿವೆ. ರಾಜನಹಳ್ಳಿ ಬಳಿ ಬ್ಯಾರೇಜ್, ಹೊಸ ಟ್ಯಾಂಕು, ಹೊಸ ಪೈಪು, ಮನೆಮನೆಗೆ ಮೀಟರ್, ದಿನದ 24 ಗಂಟೆ ನೀರು ಇದರ ಗುರಿ. ಆದರೆ ಊರಿನ ಮಾತೆಲ್ಲ ಎಷ್ಟು ದಿನಕ್ಕೊಮ್ಮೆ ನೀರು, ಬಿಲ್ಲು ಎಷ್ಟು ಎಂಬುದರಲ್ಲೇ ಮುಗಿಯುತ್ತದೆ. ಬರುವ ನೀರು ಎಂಥದ್ದು ಎಂದು ಕೇಳುವವರು ಕಡಿಮೆ.

ಕೇಳಲೇಬೇಕು. ಘಟಕದಲ್ಲಿ ಎಷ್ಟೇ ಚೆನ್ನಾಗಿ ಶುದ್ಧ ಮಾಡಿದರೂ, ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತದೆ. ಒಳಗೆ ಒತ್ತಡ ಇಲ್ಲದಾಗ ಸೋರುವ ಕೀಲುಗಳಿಂದ ಪಕ್ಕದ ಚರಂಡಿಯ ಕೊಳಕು ಒಳಗೆ ನುಗ್ಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು: ಬಿಟ್ಟುಬಿಟ್ಟು ನೀರು ಬರುವ ಬಡಾವಣೆಗಳ ನಲ್ಲಿಗಳಲ್ಲಿ ತೆಗೆದ ಮಾದರಿಗಳ ಪೈಕಿ ಶೇ 31.7ರಲ್ಲಿ ಮಲದಿಂದ ಬರುವ ಇ-ಕೊಲಿ ಬ್ಯಾಕ್ಟೀರಿಯಾ ಇತ್ತು. ಸದಾ ನೀರಿರುವ ಕಡೆ ಅದು ಶೇ 0.7 ಮಾತ್ರ. 24 ಗಂಟೆ ನೀರು ಐಷಾರಾಮವಲ್ಲ, ಆರೋಗ್ಯದ ಪ್ರಶ್ನೆ. ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದ ಕೆಲವರು ಜೀವವನ್ನೇ ಕಳೆದುಕೊಂಡರು.

ಸದಾ ನೀರು ಬಂದರೂ ಅರ್ಧ ಕೆಲಸವೇ. ವರ್ಷಗಳ ಅಭ್ಯಾಸದಿಂದ ಜನ ಸಂಪ್‌ಗೆ ಬಿಟ್ಟು, ಮೇಲಿನ ಟ್ಯಾಂಕಿಗೆ ಏರಿಸಿ ಕುಡಿಯುತ್ತಾರೆ. ಅಲ್ಲಿ ನಿಂತ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಭಾರತೀಯ ಮಾನಕದ ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆ ದೊಡ್ಡದೇನಲ್ಲ. ಸಣ್ಣ ಗಾಜಿನ ಕೊಳವೆಗೆ ನಲ್ಲಿ ನೀರು ಹಿಡಿದು, ನಾಲ್ಕೈದು ಹನಿ ದ್ರಾವಣ ಬಿಟ್ಟು, ಮೂಡುವ ಹಳದಿಯನ್ನು ಪಟ್ಟಿಯ ಬಣ್ಣದ ಜೊತೆ ಹೋಲಿಸಿದರೆ ಆಯಿತು. ನೀರು ಬಿಡುವ ವಾಲ್ವ್‌ಮನ್ ಇದನ್ನು ನಿಮಿಷಗಳಲ್ಲಿ ಕಲಿಯಬಲ್ಲ.

ಕೋಟಿಗಟ್ಟಲೆ ಸುರಿದ ಯೋಜನೆಗೆ ಈ ಪುಟ್ಟ ಪರೀಕ್ಷೆಯ ಖರ್ಚು ಹೊರೆಯಾಗದು. ದಾವಣಗೆರೆ ಪಾಲಿಕೆ, ಹರಿಹರ ನಗರಸಭೆ ಎರಡೂ ಪ್ರತಿ ವಾರ್ಡಿನ ತುದಿಯ ನಲ್ಲಿಯಲ್ಲಿ ನಿತ್ಯ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಜನ ಓದುವ ಜಾಗದಲ್ಲಿ ಬರೆದು ಹಾಕಲಿ. ಬಣ್ಣ ಮೂಡದ ದಿನವೇ ಆ ಬೀದಿಯ ವಾಲ್ವ್ ಮುಚ್ಚಿ, ಸೋರಿಕೆ ಸಿಗುವವರೆಗೂ ಟ್ಯಾಂಕರ್‌ನಲ್ಲಿ ಶುದ್ಧ ನೀರು ಕೊಡಲಿ.