ಕಷಾಯ ಎಲ್ಲಿಯವರೆಗೆ?

ಸಹೋದರಿಯರೇ, ನಲ್ವತ್ತೈದರ ಆಸುಪಾಸಿನಲ್ಲಿ ಮುಟ್ಟು ಏರುಪೇರಾಗುವುದು, ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು ಸಹಜ. ಇದು ರೋಗವಲ್ಲ, ಹಾರ್ಮೋನಿನ ಏರಿಳಿತ. ಅಗಸೆ, ಸೋಯಾ ಆಹಾರವಾಗಿ ಒಳ್ಳೆಯದೇ. ಆದರೆ ಬಿಸಿ ತಗ್ಗಿಸುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ: ಬ್ಲ್ಯಾಕ್ ಕೊಹೊಶ್ ಮಾತ್ರೆಯಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ.

ಅತಿ ರಕ್ತಸ್ರಾವಕ್ಕಂತೂ ಕಷಾಯ ಕುಡಿದು ಕಾಯಬೇಡಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ಕಂಡರೂ ತಪಾಸಣೆ ಮಾಡಿಸಿ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದು.

ಹನಫಿ ಮದ್‌ಹಬ್‌ನಲ್ಲಿ 10, ಶಾಫಿಈಯಲ್ಲಿ 15 ದಿನ ಮೀರಿದ ಸ್ರಾವ ಇಸ್ತಿಹಾಝ. ಅದಕ್ಕಾಗಿ ನಮಾಝ್ ಬಿಡುವಂತಿಲ್ಲ. ನಮಾಝಿಗಾಗಿ ದಿನ ಎಣಿಸುವವರು ಅದೇ ಲೆಕ್ಕವನ್ನು ವೈದ್ಯರಿಗೂ ಹೇಳಲಿ. ಚಿಕಿತ್ಸೆ ಪಡೆಯಲು ಪ್ರವಾದಿ(ಸ)ರೇ ಪ್ರೋತ್ಸಾಹಿಸಿದ್ದಾರೆ. ಲಜ್ಜೆ ಈಮಾನಿನ ಭಾಗ ನಿಜ; ರೋಗ ಮುಚ್ಚಿಡುವುದು ಲಜ್ಜೆಯಲ್ಲ.