ಪಾವು, ಸೇರು, ಜೆರೊಬೋಮ್

ಮೊನ್ನೆ ಸಂಜೆ ದೇವರ ಮುಂದೆ ದೀಪ ಹಚ್ಚುತ್ತಿದ್ದಾಗ ಪಕ್ಕದ ಕೋಣೆಯಿಂದ ಮೊಮ್ಮಗನ ಬಾಯಿಪಾಠ ಕೇಳಿಬಂತು: "ಮ್ಯಾಗ್ನಮ್, ಜೆರೊಬೋಮ್, ರೆಹೊಬೋಮ್, ಮೆಥೂಸಲ..." ಇದಾವ ಸಹಸ್ರನಾಮವಪ್ಪಾ ಎಂದು ಕಿವಿಗೊಟ್ಟೆ. ಹುಡುಗ ಹೋಟೆಲು ನಡೆಸುವ ವಿದ್ಯೆ ಕಲಿಯುತ್ತಿದ್ದಾನೆ. "ವೈನ್ ಬಾಟ್ಲಿಗಳ ಹೆಸರು ಅಜ್ಜಿ. ಕುಡಿಯುವುದಕ್ಕಲ್ಲ, ಪರೀಕ್ಷೆಗೆ!" ಎಂದ.

ಗಾಬರಿ ಬೇಡ, ಸೋದರಿಯರೆ. ಲೆಕ್ಕ ಮಾತ್ರ ಸೊಗಸಾಗಿದೆ. ಸಾಧಾರಣ ಬಾಟ್ಲಿ 750 ಮಿಲಿಲೀಟರು. ಅದರ ಅರ್ಧ ಡೆಮಿ. ಎರಡರಷ್ಟು ಮ್ಯಾಗ್ನಮ್, ಎಂದರೆ ಲ್ಯಾಟಿನ್ನಿನಲ್ಲಿ 'ದೊಡ್ಡದು'. ನಾಲ್ಕರಷ್ಟು ಜೆರೊಬೋಮ್, ಆರರಷ್ಟು ರೆಹೊಬೋಮ್, ಎಂಟರಷ್ಟು ಮೆಥೂಸಲ. ಹೀಗೆಯೇ ಏರುತ್ತ 20 ಬಾಟ್ಲಿಯ, 15 ಲೀಟರಿನ ನೆಬುಕಡ್ನೆಜಾರ್. ಇವೆಲ್ಲ ಬೈಬಲ್ಲಿನ ಹೆಸರುಗಳು. ಜೆರೊಬೋಮ್ ಇಸ್ರೇಲಿನ ದೊರೆ, ನೆಬುಕಡ್ನೆಜಾರ್ ಬಾಬಿಲೋನಿನ ದೊರೆ. ಮೆಥೂಸಲನಾದರೋ 969 ವರ್ಷ ಬದುಕಿದ ಮುದುಕ!

ಅಲ್ಲಿಯೂ ಊರಿಗೊಂದು ಅಳತೆ. ಫ್ರಾನ್ಸಿನ ಶಾಂಪೇನ್ ಸೀಮೆಯ ಜೆರೊಬೋಮ್ ನಾಲ್ಕು ಬಾಟ್ಲಿಯದು. ಬೋರ್ಡೋ ಸೀಮೆಯಲ್ಲಿ ರೂಢಿಯಿಂದ ಆರು ಬಾಟ್ಲಿಯದು. ನಮ್ಮ ಸೇರೂ ಹಾಗೆಯೇ ಅಲ್ಲವೆ, ಸೀಮೆ ದಾಟಿದರೆ ಬೇರೆ?

"ನಮ್ಮಲ್ಲಿಯೂ ಇದೆಯಪ್ಪ" ಎಂದು ನಾನೂ ಒಪ್ಪಿಸಿದೆ: ನಾಲ್ಕು ಪಾವು ಒಂದು ಸೇರು, ಅರ್ಧ ಸೇರಿಗೆ ಅಚ್ಚೇರು, ಇಪ್ಪತ್ತು ಕೊಳಗ ಒಂದು ಖಂಡುಗ. ನಾವಿರುವ ಕೊಂಢವಾದಲ್ಲೇ ಖುರ್ದ, ಬುದ್ರುಕ ಎಂದು ಎರಡುಂಟು, ಎಂದರೆ ಸಣ್ಣದು, ದೊಡ್ಡದು. ನನ್ನ ತವರಿನ ಕಡೆ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ. ಆ ನಂದಿಬೆಟ್ಟದ ಸೀಮೆಯಲ್ಲಿ ಈಗ ವೈನಿನ ದ್ರಾಕ್ಷಿಯನ್ನೂ ಬೆಳೆಯುತ್ತಾರೆ.

ಹುಡುಗ ಕಣ್ಣರಳಿಸಿ, "ಪಾವು ಎಂದರೆ ಪಾವ್ ಕಿಲೋ ತಾನೆ?" ಎಂದ. ನನಗೆ ಥಟ್ಟನೆ ಹೊಳೆಯಿತು. ಹೋದ ದೀಪಾವಳಿಗೆ ಸೊಸೆ ನನ್ನಮ್ಮನ ಕೈಬರಹದ ಪುಸ್ತಕ ನೋಡಿ ಚಕ್ಕುಲಿ ಮಾಡಿದ್ದಳು. 'ನಾಲ್ಕು ಪಾವು ಹಿಟ್ಟು, ನಿಂಬೆಗಾತ್ರ ಬೆಣ್ಣೆ' ಎಂದಿತ್ತು. ಪುಣೆಯ ಅಂಗಡಿಯ ಮಾತಿನಂತೆ ಅವಳು ಹಿಟ್ಟನ್ನು ಒಂದು ಕಿಲೋ ತೂಗಿದ್ದಳು. ಹಿಟ್ಟು ಹೆಚ್ಚಾಗಿ, ಬೆಣ್ಣೆ ಅಷ್ಟೇ ಉಳಿದು, ಚಕ್ಕುಲಿ ಕಲ್ಲಾಯಿತು. ಪಾಪ, ಅವಳು ತನ್ನ ಕೈಗುಣವನ್ನೇ ಹಳಿದುಕೊಂಡಳು. ನಾನೂ ಸುಮ್ಮನಿದ್ದೆ, ಆ ಮೌನ ಈಗ ಚುಚ್ಚುತ್ತದೆ. ತಪ್ಪು ಅವಳದಲ್ಲ, ಹೇಳಿಕೊಡದ ನನ್ನದು.

ಅಮ್ಮನ ಹಿತ್ತಾಳೆಯ ಪಾವು ಎಲ್ಲಿತ್ತು ಬಲ್ಲಿರಾ? ಮೊಮ್ಮಗನ ಮೇಜಿನ ಮೇಲೆ, ಪೆನ್ನುಗಳನ್ನು ಹೊತ್ತುಕೊಂಡು! ಅಂದೇ ಅದನ್ನು ತೊಳೆದು, ಕಂಠಮಟ್ಟ ನೀರು ತುಂಬಿ, ಗೆರೆಯಿರುವ ಲೋಟಕ್ಕೆ ಸುರಿದೆವು. ಬಂದ ಮಿಲಿಲೀಟರನ್ನು ಹುಡುಗನೇ ಪುಸ್ತಕದ ಮೊದಲ ಪುಟದಲ್ಲಿ ಬರೆದ. ಸೊಸೆ ಓದಿ ನಕ್ಕಳು. "ಹಾಗಾದರೆ ನನ್ನ ಕೈ ಸರಿಯಾಗಿಯೇ ಇದೆ, ಅತ್ತೆ!" ಎಂದಳು.

ನಿಮ್ಮ ಮನೆಯ ಪಾವನ್ನೂ ಹೀಗೆ ಅಳೆದು ಬರೆದಿಡಿ. ನಮ್ಮ ಮನೆಯ ಅಂಕಿ ನಿಮಗೆ ಒದಗದು. ನಿಮ್ಮ ಅಮ್ಮಂದಿರ ಅಳತೆ ನಿಮ್ಮ ಪಾತ್ರೆಯಲ್ಲಿದೆ. ಪರದೇಶದ ದೊರೆಗಳ ಹೆಸರನ್ನು ಮಕ್ಕಳು ಕಲಿಯಲಿ, ಒಳ್ಳೆಯದೇ. ಜತೆಗೆ ಪಾವಿನ ಹೆಸರೂ ಅವರ ನಾಲಗೆಯ ಮೇಲಿರಲಿ.